ಎದ್ದು ಹೋದ ಪದದ ಎಲಿ

ಮಾತು ಅಂದ್ರ ಊಟದ ಪಂಕ್ತಿ ಇದ್ದಂಗ ನೋಡ್ರಿ. ಯಾರ ಎಲಿ ಎಲ್ಲೆ ಅನ್ನೋದಕ್ಕ ಒಂದು ಲೆಕ್ಕ ಇರ್ತದ. "ನೀ ಮಾವಿನಹಣ್ಣು ತಿಂದಿ" ಅಂತೀವಿ. ಕೇಳೋದಾದ್ರ "ನೀ ಏನ ತಿಂದಿ?" ಅಂತೀವಿ. ಮಾವಿನಹಣ್ಣಿನ ಎಲಿ ಮುಂದನ 'ಏನ' ಬಂದು ಕೂತಿತು. ಇಂಗ್ಲಿಷಿನ್ಯಾಗ ಹಂಗಲ್ಲ. "ವಾಟ್ ಡಿಡ್ ಯು ಈಟ್?" ಅನ್ನುವಾಗ 'ವಾಟ್' ಕಡೀ ಎಲಿಯಿಂದ ಎದ್ದು ಪಂಕ್ತಿಯ ಮೊದಲಿಗೆ ಹೋಗಿ ಕೂಡ್ತದ.

ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ 1957ರಾಗ 'ಸಿಂಟ್ಯಾಕ್ಟಿಕ್ ಸ್ಟ್ರಕ್ಚರ್ಸ್' ಬರದ ಮ್ಯಾಲೆ ಇಂಥಾ ಜಾಗಾ ಬದಲಿಯ ವಿಚಾರ ಜೋರಾತು. ಎದ್ದು ಹೋದ ಪದ ಹಳೇ ಜಾಗಾದಾಗ ಗುರುತು ಬಿಟ್ಟಿರ್ತದ ಅಂತ ಮುಂದ ಅವರೇ ಹೇಳಿದ್ರು. ಎಲಿ ಖಾಲಿ ಕಂಡ್ರೂ ಅದು ಅವರದೇ, ಬ್ಯಾರೆಯವರು ಕೂಡೋಹಂಗಿಲ್ಲ. ಅದಕ್ಕ "ವಾಟ್ ಡಿಡ್ ಯು ಈಟ್ ಮ್ಯಾಂಗೋ?" ಅಂದ್ರ ನಡಿಯೂದಿಲ್ಲ.

ಕೆಲವು ಜಾಗಾದಿಂದ ಪದ ಏಳಲಿಕ್ಕೇ ಬರೂದಿಲ್ಲ ಅಂತ 1967ರಾಗ ಜಾನ್ ರಾಸ್ ತಮ್ಮ ಪಿಎಚ್.ಡಿ. ಪ್ರಬಂಧದಾಗ ತೋರಿಸಿ, ಅವಕ್ಕ 'ದ್ವೀಪ' ಅಂತ ಹೆಸರಿಟ್ರು. ನಾವು "ಯಾರು ಹಾಕಿದ ಉಪ್ಪಿನಕಾಯಿ ತಂದಿ?" ಅಂತ ಆರಾಮ ಕೇಳ್ತೀವಿ. ಇಂಗ್ಲಿಷಿನ್ಯಾಗ ಆ 'ಯಾರು' ಅನ್ನೋದನ್ನ ಒಳಗಿಂದ ಎಬ್ಬಿಸಿ ಮುಂದ ತಂದ್ರ ವಾಕ್ಯನೇ ಕುಸೀತದ. ನಮ್ಮದು ಕೂತಲ್ಲೇ ಕೂತಿರೂದ್ರಿಂದ ಆ ತ್ರಾಸಿಲ್ಲ.

ಇದನ್ನೆಲ್ಲಾ ಯಾಕ ಹೇಳಲಿಕ್ಕತ್ತೇನಿ ಅಂದ್ರ, ಅಮೆರಿಕದಾಗ ಬೆಳೀಲಿಕ್ಕತ್ತ ನಮ್ಮ ಅಕ್ಕನ ಮೊಮ್ಮಗಳು ಮೊನ್ನೆ ಫೋನಿನ್ಯಾಗ "ಏನ ನೀ ತಿಂದಿ, ಅಜ್ಜಿ?" ಅಂದ್ಲು. ಇಲ್ಲಿದ್ದವರು ಕಿಸಕ್ಕಂತ ನಕ್ರು. ಆವತ್ತಿಂದ ಕೂಸು ನಮ್ಮ ಜೋಡಿ ಬರೇ ಇಂಗ್ಲಿಷ್ ಮಾತಾಡ್ತದ. ಅಕ್ಕಗ ರಾತ್ರಿ ನಿದ್ದಿಲ್ಲ.

ಖರೇ ಹೇಳಬೇಕಂದ್ರ ಆಕಿ ಮಾತು ತಪ್ಪೇ ಅಲ್ಲ, ಕೇಳಲಿಕ್ಕೆ ಸ್ವಲ್ಪ ಬ್ಯಾರೆ ಅನಸ್ತದ ಅಷ್ಟ. ಕನ್ನಡದಾಗ ಪದ ಸರಸಲಿಕ್ಕೆ ಭಾಳ ಸಡಿಲ ಅದ. "ನಾಯಿ ಬೆಕ್ಕನ್ನ ಕಚ್ತು" ಅನ್ರಿ, "ಬೆಕ್ಕನ್ನ ನಾಯಿ ಕಚ್ತು" ಅನ್ರಿ, ಕಚ್ಚಿಸಿಕೊಂಡದ್ದು ಬೆಕ್ಕೇ. ಆ 'ಅನ್ನ' ಅನ್ನೋ ಪ್ರತ್ಯಯ ಎಲ್ಲೆ ಹೋದ್ರೂ ಪದದ ಕೈ ಬಿಡೂದಿಲ್ಲ. ಕೂಸಿನ ತಲಿಯೊಳಗ ಎರಡು ಪಂಕ್ತಿ ಹಾಸ್ಯಾವ. ಒಂದರ ರೂಢಿ ಇನ್ನೊಂದಕ್ಕ ಬಂದದ, ಅಷ್ಟೇ.

ಅದಕ್ಕ ವೈನಿ, ಮಾಂಶಿ, ಬಾಜೂ ಮನಿ ಅಕ್ಕೋರು, ಎಲ್ಲಾರಿಗೂ ಒಂದು ಮಾತು. ಪರದೇಶದಾಗಿನ ಮಕ್ಕಳು ಏನರೆ ಕೇಳಿದ್ರ ಮೊದಲು ಉತ್ತರ ಕೊಡ್ರಿ. "ನಾ ರೊಟ್ಟಿ ತಿಂದೆ, ನೀ ಏನ ತಿಂದಿ?" ಅಂತ ತಿರುಗಿ ಕೇಳ್ರಿ. 'ಏನ' ಎಲ್ಲೆ ಕೂಡ್ತದ ಅನ್ನೋದು ಅವರ ಕಿವೀಗೆ ತಾನಾಗೇ ಬೀಳ್ತದ.