ಭಾಗ 6: ತಿಳಿನೀಲಿ ಚುಕ್ಕೆ

ಹೋದ್ ಸಲದ ಪೋಸ್ಟ್ ನೋಡಿ "ಟಗ್ ಅಂದ್ರೆ ಏನ್ಲಾ, ದೋಣಿನಾ ಹಡಗಾ?" ಅಂತ ಮದ್ದೂರಿನ ಗೆಳೆಯರೇ ಜಾಸ್ತಿ ಕೇಳಿದ್ರಿ. ನಮ್ ಕಡೆ ಲೆಕ್ಕದಲ್ಲಿ ಅದು ಸಮುದ್ರದ ಟ್ರ್ಯಾಕ್ಟರ್ ಕಣ್ರೋ. ಕೊಪ್ಪದ ಫ್ಯಾಕ್ಟರಿಗೆ ಎರಡು ಟ್ರೈಲರ್ ಕಬ್ಬು ಎಳ್ಕೊಂಡು ಹೋಯ್ತದಲ್ಲ, ಹಂಗೆ. ನೋಡೋಕೆ ಗಿಡ್ಡ, ಎಂಜಿನ್ ಮಾತ್ರ ಭಾರಿ. ಪಣಂಬೂರಿನ ನವಮಂಗಳೂರು ಬಂದರಿಗೆ ದೊಡ್ಡ ಹಡಗು ಬಂದಾಗ ತಳ್ಳಿ, ಎಳೆದು ಧಕ್ಕೆಗೆ ನಿಲ್ಲಿಸೋದು ಇವೇ. ಇನ್ನು ಕೆಲವು ಟಗ್‌ಗಳು ಎಂಜಿನ್ ಇಲ್ಲದ ಬಾರ್ಜ್ ಕಟ್ಕೊಂಡು ದಿನಗಟ್ಟಲೆ ಕರಾವಳಿಗುಂಟ ಹೋಗ್ತವೆ. ನಮ್ಮಣ್ಣ ಇರೋದು ಅಂಥದ್ರಲ್ಲಿ. ಹೆಸರು ಹಾಕಲ್ಲ, ಕೇಳ್ಬೇಡಿ.

ಮಳವಳ್ಳಿಯ ನಮ್ಮನೇಲಿ ಮೆರೈನ್‌ಟ್ರಾಫಿಕ್ ಆ್ಯಪ್ ಎಲ್ಲರಿಗಿಂತ ಜಾಸ್ತಿ ನೋಡೋದು ನಮ್ಮವ್ವ. ಸಮುದ್ರ ಕಂಡೋಳಲ್ಲ. ಅವಳು ಕಂಡಿರೋ ದೊಡ್ಡ ನೀರು ಅಂದ್ರೆ ಮುತ್ತತ್ತಿಯ ಕಾವೇರಿ, ಅದೂ ಹರಿಯೋದು ಆ ಕಡೆ ಸಮುದ್ರಕ್ಕೆ! ಆದ್ರೂ ತಿಳಿನೀಲಿ ಅಂದ್ರೆ ಟಗ್, ಬಾಣದಂಗಿದ್ರೆ ಹೋಗ್ತಾ ಇದೆ, ದುಂಡಗಿದ್ರೆ ನಿಂತಿದೆ ಅಂತ ಓದೋಕೆ ಕಲಿತವಳೆ.

ಇದರ ಹಿಂದಿರೋದು ಎಐಎಸ್ ಅನ್ನೋ ವ್ಯವಸ್ಥೆ. ಹಡಗು ತಾನಿರೋ ಜಾಗ, ವೇಗ, ದಿಕ್ಕನ್ನ ಸಾಗುವಾಗ ಕೆಲವೇ ಸೆಕೆಂಡಿಗೊಮ್ಮೆ ರೇಡಿಯೋದಲ್ಲಿ ಕೂಗಿ ಹೇಳುತ್ತೆ. ಜೊತೆಗೆ 9 ಅಂಕಿಯ ಎಂಎಂಎಸ್‌ಐ ನಂಬರ್. ನಮ್ ದೇಶದ ಹಡಗಾದ್ರೆ 419ರಿಂದ ಶುರು. ಹೆಸರು, ಓನರ್, ಬಾವುಟ ಎಲ್ಲ ಬದಲಾದ್ರೂ ಬದಲಾಗದೇ ಇರೋದು 7 ಅಂಕಿಯ ಐಎಂಒ ನಂಬರ್. ಗಾಡಿಯ ಚಾಸಿ ನಂಬರ್ ಇದ್ದಂಗೆ. ಎಲ್ಲಿಗೆ ಹೋಗ್ತಿದೆ, ಯಾವಾಗ ಮುಟ್ಟುತ್ತೆ ಅನ್ನೋದನ್ನ ಮಾತ್ರ ಹಡಗಿನವರೇ ಟೈಪ್ ಮಾಡ್ಬೇಕು. ಮರೆತ್ರೆ ಹಳೇ ಊರೇ ಇರುತ್ತೆ. ಅದಕ್ಕೇ ಅವ್ವ ಅದನ್ನ ನಂಬಲ್ಲ.

ಕಷ್ಟ ಶುರುವಾಗೋದು ಚುಕ್ಕೆ ನಿಂತಾಗ. ದಡದ ಆಂಟೆನಾಗೆ ಸುಮಾರು 40 ನಾಟಿಕಲ್ ಮೈಲಿ ಆಚೆಗೆ ಸಾಮಾನ್ಯವಾಗಿ ಕೇಳಿಸಲ್ಲ. ಉಪಗ್ರಹದ ಮಾಹಿತಿಗೆ ದುಡ್ಡು ಕಟ್ಬೇಕು. ನಾನು ಇದನ್ನೆಲ್ಲ ಅವ್ವಂಗೆ ಬಿಡಿಸಿ ಹೇಳಿದೀನಿ. ಆದ್ರೆ 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಅವಳಿಗೆ ನೆನಪಿದೆ. ಮಂಗಳೂರು ಕಡೆ 'ಅಲಯನ್ಸ್' ಅನ್ನೋ ಟಗ್ ಮಗುಚಿ ಜೀವಗಳು ಹೋದ್ವು. 'ಕೋರಮಂಡಲ್ ಸಪೋರ್ಟರ್ 9' ಟಗ್‌ನಲ್ಲಿ ಸಿಕ್ಕಿಬಿದ್ದಿದ್ದ 9 ಜನರನ್ನ ನೌಕಾಪಡೆಯ ಹೆಲಿಕಾಪ್ಟರ್, ಕೋಸ್ಟ್ ಗಾರ್ಡ್ ಸೇರಿ ಉಳಿಸಿದ್ರು. ಮ್ಯಾಪಲ್ಲಿ ಚುಕ್ಕೆ ಕಾಣ್ತಿದೆ ಅಂದ ಮಾತ್ರಕ್ಕೆ ಒಳಗಿರೋರು ಕ್ಷೇಮ ಅಂತಲ್ಲ. ಇದನ್ನ ಮಾತ್ರ ನಾನು ಅವ್ವಂಗೆ ಹೇಳಿಲ್ಲ. ಅವಳಿಗೆ ಗೊತ್ತಿಲ್ಲ ಅಂತೇನಲ್ಲ.

ಹೋದ ತಿಂಗಳು ಬಾರ್ಜ್ ಎಳ್ಕೊಂಡು ಕಾಂಡ್ಲಾಕ್ಕೆ ಹೊರಟಿದ್ರು. ವೇಗ 4 ನಾಟ್, ಅಂದ್ರೆ ಗಂಟೆಗೆ ಏಳೂವರೆ ಕಿಲೋಮೀಟರ್ ಕೂಡ ಇಲ್ಲ. ಎತ್ತಿನಗಾಡಿಯೇ. ದಾರೀಲಿ 11 ಗಂಟೆ ಚುಕ್ಕೆ ಸುಳಿವಿಲ್ಲ. ಅವ್ವ ಚಾರ್ಜರ್ ಪಕ್ಕದಲ್ಲೇ ಚಾಪೆ ಹಾಸ್ಕೊಂಡ್ಲು. ಬೆಳಗಿನ ಜಾವ ಚುಕ್ಕೆ ಬಂತು, ಅದೇ 4. ಕೋಳಿ ಕೂಗೋ ಹೊತ್ತಿಗೆ ಮಲಗಿದ್ಲು.

ಆಮೇಲೆ ಒಂದಿನ ಮಧ್ಯಾಹ್ನ ಮುದ್ದೆ ತಿರುವ್ತಾ ಇದ್ದೋಳು ಫೋನ್ ನೋಡಿ, "ಲೋ, ಒಂಬತ್ತು ತೋರಿಸ್ತದೆ ಕಣ್ಲಾ" ಅಂದ್ಲು. ಹೋಗೋ ಊರು ಇನ್ನೂ ಕಾಂಡ್ಲಾ ಅಂತಲೇ ಇತ್ತು, ಬಾಣ ಮಾತ್ರ ದಕ್ಷಿಣಕ್ಕೆ ತಿರುಗಿತ್ತು.

"ಹಗ್ಗ ಬಿಚ್ಚವ್ರೆ. ವಾಪಸ್ ಬತ್ತಾವ್ನೆ."

ಅಣ್ಣನ ಫೋನ್ ಬಂದಿದ್ದು ಮಾರನೇ ದಿನ.

#ಮಳವಳ್ಳಿ #ಮದ್ದೂರು #ಮಂಡ್ಯ #ಅಣ್ಣನಟಗ್