ತುಂಬೆ ಹುಡುಕಿಕೊಂಡು ಹರಿಹರದವರೆಗೆ

ಆಶ್ಲೇಷಾ ಮಳೆ ಮೂರು ದಿನದಿಂದ ಬಿಟ್ಟಿಲ್ಲ. ಮೆಕ್ಕೆಜೋಳ ಸೂಲಂಗಿ ಒಡೆಯೋ ಹೊತ್ತು, ಆದ್ರೆ ಹೊಲಕ್ಕೆ ಕಾಲಿಟ್ರೆ ಮೊಣಕಾಲು ತನಕ ಕೆಸರು. ಅದಕ್ಕೆ ಇವತ್ತು ದಾರಿಯಲ್ಲಿ ಕಂಡಿದ್ದನ್ನ ಬರೀತೀನಿ.

ಶ್ರಾವಣ ಸೋಮವಾರ ಅವ್ವನಿಗೆ ಹರಿಹರೇಶ್ವರನ ದರ್ಶನ ಆಗಬೇಕು. ಬೆಳಿಗ್ಗೆ ಎದ್ದವಳೇ ಹಿತ್ತಲಲ್ಲಿ ತುಳಸಿ ಕೊಯ್ಕೊಂಡು, "ಹೊಲದ ಬದುವಿನಿಂದ ಒಂದು ಬೊಗಸೆ ತುಂಬೆ ಹೂವು ತಂದುಬಿಡಪ್ಪ" ಅಂದ್ಲು. ಅರ್ಧ ಹರಿ, ಅರ್ಧ ಹರ. ಹರಿಗೆ ತುಳಸಿ, ಹರನಿಗೆ ತುಂಬೆ. ಅವಳ ಲೆಕ್ಕ ಯಾವಾಗಲೂ ಇಷ್ಟೇ.

ಹೋಗಿ ನೋಡಿದ್ರೆ ಬದುವಿನ ಮೇಲೆ ಒಂದು ತುಂಬೆ ಗಿಡಾನೂ ಇಲ್ಲ. ಇರೋದಾದ್ರೂ ಹೇಗೆ? ಎರಡು ವರ್ಷದಿಂದ ಆಳು ಸಿಗಲ್ಲ ಅಂತ ಬದುವಿಗೆಲ್ಲಾ ಗ್ಲೈಫೋಸೇಟ್ ಹೊಡೀತಾ ಬಂದವನು ನಾನೇ. ಅದು ಎಲೆಯಿಂದ ಬೇರಿಗೆ ಇಳಿಯೋ ಔಷಧಿ. ಇದು ಕಸ, ಇದು ಹೂವು ಅಂತ ಅದಕ್ಕೆ ಗೊತ್ತಾಗಲ್ಲ. ಬರಿದಾದ ಜಾಗದಲ್ಲಿ ಈಗ ಕಾಂಗ್ರೆಸ್ ಹುಲ್ಲು ಎದೆಯುದ್ದ ನಿಂತಿದೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತೆ, ಖಾಲಿ ಜಾಗ ಸಿಕ್ಕರೆ ಮೊದಲು ಬರೋದು ಅದೇ. ಹಿಡಿದುಕೊಳ್ಳೋ ಹುಲ್ಲಿನ ಬೇರಿಲ್ಲದೆ ಒಂದು ಕಡೆ ಬದು ಕೊಚ್ಚಿ, ಮಣ್ಣು ಪಕ್ಕದ ಹಳ್ಳ ಸೇರಿತ್ತು.

ಅವ್ವನಿಗೆ "ಮಳೆಗೆ ಹೂವೆಲ್ಲಾ ಉದುರಿಬಿಟ್ಟಾವೆ" ಅಂದೆ. ಅವಳು ನನ್ನ ಮುಖ ನೋಡಿ, "ದಾರಿಯಲ್ಲಿ ಸಿಗ್ತಾವೆ ನಡಿ" ಅಂದ್ಲು.

ದಾವಣಗೆರೆಯಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿಗೆ ಕೊಟ್ಟು, ಬೈಕಿನಲ್ಲಿ ಪಿ.ಬಿ. ರಸ್ತೆ ಹಿಡಿದ್ವಿ. ಹರಿಹರಕ್ಕೆ 14 ಕಿಲೋಮೀಟರ್. ಊರು ದಾಟಿದ ಮೇಲೆ ಮಳೆ ಜಿಟಿಜಿಟಿ, ಎರಡೂ ಕಡೆ ಕಣ್ಣು ತುಂಬೋ ಹಸಿರು. ಹೇಗೂ ನಿಲ್ಲಿಸಿ ನಿಲ್ಲಿಸಿ ಹುಡುಕಬೇಕಲ್ಲ, ಸಿಕ್ಕಿದ್ದಕ್ಕೆಲ್ಲಾ ಫೋಟೋ ಹೊಡೆದೆ. ಬೇಲಿ ಮೇಲೆ ಬೆಂಕಿ ಹಚ್ಚಿದ ಹಾಗೆ ಗೌರಿ ಹೂವು. ಅರಳುವಾಗ ಹಸಿರು-ಹಳದಿ, ಆಮೇಲೆ ಕೆಂಪಾಗೋದು ಇದೇ. (ಗಡ್ಡೆ ವಿಷ, ಮಕ್ಕಳ ಕೈಗೆ ಸಿಗದ ಹಾಗೆ ನೋಡ್ಕೊಳ್ರಿ.) ಹಳದಿ ತಂಗಡಿ, ನೀರು ಕುಡಿದು ಕಪ್ಪು ಹಸಿರಾದ ಹೊಂಗೆ.

ಒಂದು ಕಡೆ ಸಣ್ಣ ಬಿಳಿ ಹೂವು ರಾಶಿರಾಶಿ ಕಂಡು ಅದನ್ನೂ ಹೊಡೆದು ನಮ್ಮೂರಿನ ಗ್ರೂಪಿಗೆ ಹಾಕಿದೆ. "ಸೂಪರ್ ಅಣ್ಣಾ", "ಏನ್ ಚಂದ ಐತೆ" ಅಂತ ಹತ್ತು ಜನ ಬರೆದ್ರು. ದೊಡ್ಡದು ಮಾಡಿ ನೋಡ್ತೀನಿ, ಅದೇ ಕಾಂಗ್ರೆಸ್ ಹುಲ್ಲು! ಮೋಡದ ಬೆಳಕು, ಎಲೆ ಮೇಲೆ ಹನಿ, ಎಲ್ಲಾ ಸೇರಿ ಫೋಟೋದಲ್ಲಿ ಅದಕ್ಕೂ ಮದುವಣಗಿತ್ತಿ ಕಳೆ ಬಂದಿತ್ತು. ದಿನಾ ಹೊಲದಲ್ಲಿ ನೋಡೋ ನಾನೇ ಮೋಸ ಹೋದೆ.

ಹರಿಹರ ಇನ್ನೇನು ಬಂತು ಅನ್ನೋವಾಗ ಒಂದು ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ಸಿಕ್ತು ತುಂಬೆ. ಅಷ್ಟು ಮಳೆಯಲ್ಲೂ ಜೇನುಹುಳ ಬಂದಿದ್ವು. ಫೋಟೋ ತೆಗೆಯೋರಿಗೆ ಒಂದು ಮಾತು: ಬಿಳಿ ಹೂವಿಗೆ ಬಿಸಿಲಿಗಿಂತ ಮೋಡಾನೇ ಒಳ್ಳೇದು, ಎಸಳಿನ ಗೆರೆ ಉಳೀತಾವೆ. ಆದ್ರೆ ನಿಂತು ತೆಗೆದ್ರೆ ತುಂಬೆ ಕಾಣಲ್ಲ, ಮಂಡಿ ಊರಬೇಕು. ಕೆಸರಲ್ಲಿ ಮಂಡಿ ಊರಿದೆ, ಅವ್ವ ಫೋನಿಗೆ ಛತ್ರಿ ಹಿಡಿದ್ಲು.

ಹೊಲದ ಯಜಮಾನರು ಕುಡುಗೋಲು ಹಿಡ್ಕೊಂಡು ಬಂದ್ರು. "ಕಸಕ್ಕೆ ಯಾಕ್ರೀ ಫೋಟೋ?" ಅಂದ್ರು. ವಿಷಯ ಹೇಳಿದೆ. "ನಾವು ಔಷಧಿ ಹೊಡಿಯಲ್ಲಪ್ಪ. ಎಮ್ಮೆಗೆ ಹುಲ್ಲು ಬೇಕು, ಕೊಯ್ತೀವಿ. ಕೊಯ್ದಿದ್ದು ಮತ್ತೆ ಚಿಗುರ್ತೈತೆ" ಅಂದು ತಾವೇ ಬೊಗಸೆ ತುಂಬ ಹೂವು ಬಿಡಿಸಿಕೊಟ್ರು. ಅವ್ವ ಒಂದು ಕೈಯಲ್ಲಿ ತುಳಸಿ ಕಡ್ಡಿ, ಇನ್ನೊಂದರಲ್ಲಿ ತುಂಬೆ ಕಡ್ಡಿ ಹಿಡಿದು ಬೆರಳಲ್ಲಿ ತಿರುಗಿಸಿದ್ಲು. "ನೋಡು, ಎರಡಕ್ಕೂ ನಾಲ್ಕು ಮೂಲೆ." ನಿಜ ಕಣ್ರೀ, ಎರಡೂ ಒಂದೇ ಕುಟುಂಬದ ಗಿಡಗಳು, ಪುದೀನನೂ ಅದೇ ಬಳಗ. ಕಾಂಡ ಮುಟ್ಟಿ ನೋಡ್ರಿ.

ದೇವಸ್ಥಾನ 1224ರ ಸುಮಾರಿಗೆ ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಒಂದೇ ಮೂರ್ತಿ, ಬಲಕ್ಕೆ ಶಿವ, ಎಡಕ್ಕೆ ವಿಷ್ಣು. ಪೂಜೆ ಮುಗಿಸಿ ಹೊಳೆ ಕಡೆ ಬಂದ್ವಿ. ತುಂಗಭದ್ರೆ ಕೆಂಪಗೆ ಹರೀತಿದ್ಲು. ಯಾರ್ಯಾರ ಹೊಲದ ಮಣ್ಣೋ, ಅದರಲ್ಲಿ ನನ್ನ ಬದುವಿನದೂ ಇರಬಹುದು. ಆಗ ಅವ್ವನಿಗೆ ನಿಜ ಹೇಳಿದೆ.

"ನೀನು ಹೊಡೆದು ಬಂದ ದಿನಾನೇ ಅಂಗಿ ವಾಸನೆ ಹೇಳಿತ್ತು ಬಿಡಪ್ಪ" ಅಂದ್ಲು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಈ ಸಲ ಬದುವಿನ ಕಾಂಗ್ರೆಸ್ ಹುಲ್ಲನ್ನ ಬೀಜ ಉದುರಿಸೋಕೆ ಮುಂಚೆ, ನೆಲ ಹಸಿ ಇರುವಾಗ್ಲೇ ಬೇರು ಸಮೇತ ಕೀಳ್ತಾ ಇದ್ದೀವಿ. ಕೈಗವಸು, ತುಂಬು ತೋಳಿನ ಅಂಗಿ ಹಾಕ್ಕೊಳ್ರಿ, ಮೈ ಕಡೀತದೆ. ಎರಡು ಆಳಿನ ಕೂಲಿ ಹೆಚ್ಚಾಯ್ತು, ಅದನ್ನ ಮುಚ್ಚಿಡಲ್ಲ. ದೀಪಾವಳಿ ಆದ್ಮೇಲೆ ಬಂದ್ರೆ ತುಂಬೆ ಬೀಜ ಕಟ್ಟಿರ್ತಾವೆ, ಒಯ್ರಿ ಅಂದಾರೆ ಆ ಯಜಮಾನರು. ಹೋಗ್ತೀನಿ.

ಕೆಳಗೆ ಮೂರು ಫೋಟೋ ಹಾಕಿದ್ದೀನಿ. ತುಂಬೆ, ಕಾಂಗ್ರೆಸ್ ಹುಲ್ಲು, ಮೂರನೇದು ಕೊಚ್ಚಿ ಹೋದ ನನ್ನ ಬದು. ಮುಂದಿನ ಶ್ರಾವಣಕ್ಕೆ ಅದೇ ಜಾಗದಲ್ಲಿ ನಿಂತು ಇನ್ನೊಂದು ತೆಗೀತೀನಿ. ನಿಮ್ಮ ಬದುವಿನ ಮೇಲೆ ತುಂಬೆ ಇದೆಯಾ, ಒಂದ್ಸಲ ನೋಡಿ ಬಂದು ಹೇಳ್ರಿ.