ಗಣಕಯಂತ್ರಕ್ಕೊಂದು ಕೆರೆ

ಗಣಕಯಂತ್ರವು ಮನೆಯೊಳಗೆ ಬಂದ ಮೇಲೆ ಅದರ ಲಾಭಗಳನ್ನು ಕುರಿತು ಬರೆದವರು ಬಹಳ. ಅದರ ಸದ್ದನ್ನು ಕುರಿತು ಬರೆದವರು ಕಡಿಮೆ. ಕಚೇರಿಯ ಗದ್ದಲದಲ್ಲಿ ಆ ಸದ್ದು ಯಾರಿಗೂ ಕೇಳಿಸದು. ಆದರೆ ಎರಡು ಕೋಣೆ, ಒಂದು ಅಡುಗೆಮನೆಯಷ್ಟೇ ಇರುವ ಸೊಲ್ಲಾಪುರದ ನಮ್ಮಂಥ ಮನೆಯಲ್ಲಿ, ಯಂತ್ರವಿರುವ ಕೋಣೆಯಲ್ಲೇ ಎಂಬತ್ತು ದಾಟಿದ ತಾಯಿ ಮಲಗಬೇಕಾದಾಗ, ಸದ್ದೆಂಬುದು ಸಂಸಾರದ ಪ್ರಶ್ನೆಯೇ ಆಗಿಬಿಡುತ್ತದೆ.

ನಮ್ಮ ಮಗ ಪುಣೆಯ ಕಟ್ಟಡ ಎಂಜಿನಿಯರರಿಗೆ ಇನ್ನೂ ಕಟ್ಟದಿರುವ ಮನೆಗಳ ಚಿತ್ರಗಳನ್ನು ರಚಿಸಿಕೊಡುತ್ತಾನೆ. ಹಗಲಿಡೀ ಅವನು ಗೆರೆ ಎಳೆದದ್ದನ್ನು ಯಂತ್ರವು ರಾತ್ರಿಯೆಲ್ಲ ಲೆಕ್ಕ ಹಾಕಿ, ಬಿಸಿಲು ನೆರಳು ಸಹಿತವಾಗಿ ಚಿತ್ರವಾಗಿಸಬೇಕು. ಆಗ ಅದರೊಳಗಿನ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಕೂಡಿ ಸುಮಾರು 300 ವ್ಯಾಟ್ ವಿದ್ಯುತ್ತನ್ನು ಉಂಡು, ಅಷ್ಟನ್ನೂ ಕಾವಾಗಿ ಹೊರಗೆ ಕಾರುತ್ತವೆ. ಆ ಕಾವನ್ನು ದೂಡಲು ಕಾರ್ಡಿನ ಮೇಲಿನ ಪುಟ್ಟ ಪಂಖಾಗಳು ಒಮ್ಮೆ ಏರಿ, ಒಮ್ಮೆ ಇಳಿದು, ಮತ್ತೆ ಏರಿ ಒರಲುತ್ತವೆ. "ಗಿರಣಿ ಮುಚ್ಚಿ ಇಷ್ಟ ವರ್ಷ ಆತು, ಈಗ ಮನ್ಯಾಗ ಗಿರಣಿ ತಗದೀರೇನೋ?" ಎಂದು ಅವ್ವ ಕೇಳಿದ್ದುಂಟು.

ಅವ್ವನ ನಿದ್ದೆಯೊಂದೇ ಆಗಿದ್ದರೆ ಹೇಗೋ ಸಂಭಾಳಿಸುತ್ತಿದ್ದೆವು. ಅವಳ ಬಾಯಲ್ಲಿ ಬೀಸುವ ಪದಗಳಿವೆ. ಎಷ್ಟಿವೆಯೆಂದು ಅವಳಿಗೂ ಲೆಕ್ಕವಿಲ್ಲ; ಹಗಲು ಕೂಡಿಸಿ ಕೇಳಿದರೆ ಒಂದೂ ನೆನಪಿಗೆ ಬಾರದು. ಬೀಸುಕಲ್ಲು ಮನೆಯಿಂದ ಹೋಗಿ ಯಾವ ಕಾಲವಾಯಿತೋ, ಆದರೂ ಬೆಳಗಿನ 4 ಗಂಟೆಗೆ ಎಚ್ಚರವಾಗುವ ಅಭ್ಯಾಸ ಹೋಗಿಲ್ಲ. ಆ ಹೊತ್ತಿಗೆ ಹಾಸಿಗೆಯಲ್ಲೇ ಕುಳಿತು ತನ್ನಷ್ಟಕ್ಕೆ ತಾನು ಹಾಡಿಕೊಳ್ಳುತ್ತಾಳೆ. ಪಕ್ಕದ ಮನೆಯ ಮಗ್ಗಗಳು ನಿಂತು ಓಣಿಯೆಲ್ಲ ಮೌನವಾಗಿರುವ ವೇಳೆ ಅದೊಂದೇ. ನಮ್ಮ ಯಂತ್ರದ ಆರ್ಭಟ ತಾರಕಕ್ಕೇರುವುದೂ ಅದೇ ವೇಳೆಗೆ. ಮೊಬೈಲಿನಲ್ಲಿ ನಾವು ಹಿಡಿದಿಟ್ಟ ಪದಗಳ ಹಿಂದೆಲ್ಲ ಪಂಖಾದ ಗುಂಯ್‌ಗುಟ್ಟುವಿಕೆ ಕುಳಿತಿದೆ. ಅದನ್ನು ಸೋಸುವ ಸಾಧನಗಳುಂಟು; ಸೋಸಿ ನೋಡಿದೆವು. ಪಂಖಾದೊಂದಿಗೆ ಸಾಲಿನ ಕೊನೆಗೆ ಅವ್ವ ಎಳೆಯುವ ಉಸಿರೂ ಹೋಯಿತು. ಮರಾಠಿ ಶಾಲೆಗೆ ಹೋಗುವ ಮೊಮ್ಮಕ್ಕಳಿಗೆ ಕನ್ನಡವು ಉಳಿದಿರುವುದೇ ಆ ಉಸಿರಿನಲ್ಲಿ. ಅದಾದರೋ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿದೆ.

ಯಂತ್ರವನ್ನೇ ಇನ್ನೊಂದು ಕೋಣೆಗೆ ಸಾಗಿಸಬಾರದೇಕೆ ಎಂದು ಓದುಗರು ಕೇಳಬಹುದು. ಆ ಕೋಣೆಗೆ ತಗಡಿನ ಮಾಡು. ಪಕ್ಕದ ಮಗ್ಗಗಳ ನೂಲಿನ ಧೂಳು ಕಿಟಕಿಯಿಂದ ನೇರವಾಗಿ ಬಂದು ಬೀಳುವುದೂ ಅಲ್ಲಿಗೇ. ರಾತ್ರಿಯ ಕೆಲಸ ನಿಲ್ಲಿಸುವುದೆಂದರೆ ಮಗನ ಸಂಪಾದನೆ ನಿಂತಂತೆ. ಹೀಗೆ ತಿರುಗಿ ತಿರುಗಿ, ನೀರಿನಿಂದ ತಂಪುಗೊಳಿಸುವ ಏರ್ಪಾಟಿನ ಬಳಿಗೆ ನಮ್ಮ ವಿಚಾರ ಬಂದು ನಿಂತಿದೆ.

ಇದು ಹೊಸ ಹುಚ್ಚೇನೂ ಅಲ್ಲ. 1980ರಲ್ಲಿ ಐಬಿಎಂ ಸಂಸ್ಥೆ ಪ್ರಕಟಿಸಿದ 3081 ಎಂಬ ದೊಡ್ಡ ಗಣಕದ ಒಡಲಲ್ಲಿ ನೀರೇ ಹರಿಯುತ್ತಿತ್ತು. 1985ರ ಕ್ರೇ-2 ಗಣಕದ ಮಂಡಲಗಳಂತೂ ವಿದ್ಯುತ್ ಹರಿಯಗೊಡದ ಒಂದು ದ್ರವದಲ್ಲಿ ಪೂರ್ತಿಯಾಗಿ ಮುಳುಗಿಯೇ ಕೆಲಸ ಮಾಡುತ್ತಿದ್ದವು. ಕಾರಣ ಸರಳವಾದದ್ದು: ಒಂದು ಕೊಡ ನೀರು ಒಂದು ಡಿಗ್ರಿ ಬಿಸಿಯಾಗುವಷ್ಟರಲ್ಲಿ ಹೀರುವ ಕಾವು, ಅದೇ ಕೊಡದಷ್ಟು ಗಾಳಿ ಹೀರುವ ಕಾವಿನ ಸುಮಾರು 3,500 ಪಾಲು. ಬಿಸಿಯಾಗುವ ಭಾಗಕ್ಕೆ ತಾಮ್ರದ ಟೊಳ್ಳು ಬಿಲ್ಲೆಯೊಂದನ್ನು ಒತ್ತಿ ಕೂಡಿಸಿ, ಅದರೊಳಗೆ ಪಂಪಿನಿಂದ ನೀರು ಹರಿಸಿ, ಬಿಸಿಯಾದ ನೀರನ್ನು ಮೋಟಾರು ಗಾಡಿಯಲ್ಲಿರುವಂಥದೇ ಒಂದು ರೇಡಿಯೇಟರಿಗೆ ಒಯ್ದು ಆರಿಸಿ, ಮತ್ತೆ ತೊಟ್ಟಿಗೆ ತರುವುದು; ಏರ್ಪಾಟೆಂದರೆ ಇಷ್ಟೇ.

ಪ್ರೊಸೆಸರ್ ಒಂದೇ ಆಗಿದ್ದರೆ ಈ ಉಸಾಬರಿ ಬೇಕಿರಲಿಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ದೊಡ್ಡ ಗೋಪುರದಂಥ ಗಾಳಿಯ ತಂಪುಕಾರಕವೊಂದು ಬಹಳ ಕಡಿಮೆ ಹಣಕ್ಕೆ ಹೆಚ್ಚುಕಡಿಮೆ ಅಷ್ಟೇ ಮೌನವನ್ನು ಕೊಡುತ್ತದೆ. ಸೋರುವ ಭಯವೂ ಇಲ್ಲ. ನಮ್ಮ ಮನೆಯ ಕೂಗುಮಾರಿ ಗ್ರಾಫಿಕ್ಸ್ ಕಾರ್ಡು. ಅದರ ಬಿಲ್ಲೆಯನ್ನು ಆ ಕಾರ್ಡಿನ ಮಾದರಿಗೆ ತಕ್ಕಂತೆಯೇ ತರಿಸಬೇಕು. ಹೆಸರು ಒಂದೇ ಇದ್ದರೂ ಬೇರೆ ತಯಾರಕರ ಕಾರ್ಡಿಗೆ ಮಾಡಿದ್ದು ಕೂಡದು.

ಇನ್ನು ನಮ್ಮೂರಿನ ಬಿಸಿಲಿನ ಮಾತು. ಮೇ ತಿಂಗಳಲ್ಲಿ ಸೊಲ್ಲಾಪುರವು 40 ಡಿಗ್ರಿಯನ್ನು ಲೀಲಾಜಾಲವಾಗಿ ದಾಟುತ್ತದೆ. ಮಣ್ಣಿನ ಗಡಿಗೆಯ ನೀರು ಆಗಲೂ ತಂಪಾಗಿರುವುದು ಅದರ ಮೈ ಬೆವರಿ ಆರುವುದರಿಂದ. ರೇಡಿಯೇಟರಿನ ನೀರು ಮುಚ್ಚಿದ ಕೊಳವೆಯೊಳಗಿನದು, ಬೆವರಲಾರದು. ಆದ್ದರಿಂದ ಕೋಣೆಯ ಗಾಳಿಗಿಂತ ಅದು ಎಂದೂ ತಂಪಾಗದು. ಕೋಣೆ 38 ಡಿಗ್ರಿ ಇದ್ದಾಗ ನೀರು 48ಕ್ಕೆ ನಿಂತರೆ ಸಾಕೆಂದು ನಾವು ಲೆಕ್ಕ ಹಾಕಿದ್ದೇವೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಡಿ5 ಮಾದರಿಯ ಪಂಪಿಗೆ 60 ಡಿಗ್ರಿಯೇ ಮೇರೆ. ಕೋಣೆಗೆ ಬೀಳುವ ಕಾವೂ ಇದರಿಂದ ಕಡಿಮೆಯಾಗದು. 300 ವ್ಯಾಟ್ ನೀರಿನ ಮೂಲಕ ಬಂದರೂ 300 ವ್ಯಾಟೇ. ಹಾಗಾಗಿ ಬೇಸಗೆಯ ಸೆಕೆಗೆ ಇದು ಮದ್ದಲ್ಲ, ಸದ್ದಿಗೆ ಮಾತ್ರ.

ಸದ್ದು ತಗ್ಗುವುದು ಪಂಖಾ ನಿಧಾನವಾದಾಗ. ಅದರ ವೇಗವನ್ನು ಅರ್ಧಕ್ಕಿಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಅರ್ಧವಾದಂತೆ ತೋರುತ್ತದೆ. ಹಾಗೆ ನಿಧಾನವಾಗಿ ತಿರುಗಬೇಕಾದರೆ ರೇಡಿಯೇಟರ್ ಹಿರಿದಾಗಿರಬೇಕು. ಆದಕಾರಣ 360 ಮಿಲಿಮೀಟರಿನದೊಂದು, 240ರದೊಂದು, ಹೀಗೆ 120ರ ಐದು ಪಂಖಾಗಳಿಗೆ ಎಡೆ ಮಾಡಿಕೊಂಡಿದ್ದೇವೆ. ಅಂಗಡಿಯವರು ಒತ್ತೊತ್ತಾದ ರೆಕ್ಕೆಗಳ ರೇಡಿಯೇಟರನ್ನು ಹೊಗಳುತ್ತಾರೆ. ನಮಗೆ ವಿರಳವಾದವುಗಳದೇ ಬೇಕು. ಮೆಲ್ಲನೆಯ ಗಾಳಿ ಅವುಗಳೊಳಗೆ ಸರಾಗವಾಗಿ ಸಾಗುತ್ತದೆ. ಅಲ್ಲದೆ, ಚಾದರು ಟವೆಲುಗಳ ಊರಿನಲ್ಲಿ ನೂಲಿನ ಎಳೆ ಹೊಕ್ಕದ ಸಂದಿಯಿಲ್ಲ. ಒತ್ತಾದ ರೆಕ್ಕೆಗಳಾದರೆ ಕೆಲವೇ ತಿಂಗಳಲ್ಲಿ ಕಂಬಳಿ ಹೊದ್ದುಕೊಳ್ಳುತ್ತವೆ.

ಪಂಖಾಗಳ ವೇಗವನ್ನು ನೀರಿನ ಬಿಸಿ ನೋಡಿ ನಿರ್ಧರಿಸಬೇಕು, ಪ್ರೊಸೆಸರಿನ ಬಿಸಿ ನೋಡಿ ಅಲ್ಲ. ಪ್ರೊಸೆಸರಿನ ಬಿಸಿ ಕ್ಷಣಕ್ಕೊಂದು ಬಗೆ. ನೀರಾದರೋ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವಂಥದು. ಎಡೆಬಿಡದ ಸಣ್ಣ ಸದ್ದಿಗೆ ಕಿವಿ ಒಗ್ಗುತ್ತದೆ, ಏರಿಳಿತಕ್ಕೆ ಒಗ್ಗದು. ಅವ್ವ ಎಚ್ಚರಗೊಳ್ಳುತ್ತಿದ್ದುದೂ ಆ ಏರಿಳಿತಕ್ಕೇ. ಪಂಪಿನದೇ ಒಂದು ನಡುಕವಿರುವುದರಿಂದ ಅದನ್ನು ತಗಡಿಗೆ ನೇರವಾಗಿ ಬಿಗಿಯದೆ, ಮೆತ್ತನೆಯ ರಬ್ಬರಿನ ಮೇಲೆ ಕೂಡಿಸಿ ಕಡಿಮೆ ವೇಗದಲ್ಲಿ ನಡೆಸುವುದೆಂದಿದೆ. ನಿಮಿಷಕ್ಕೆ 1 ಲೀಟರ್ ಹರಿದರೂ 300 ವ್ಯಾಟಿಗೆ ನೀರು ಒಂದು ಸುತ್ತಿನಲ್ಲಿ ಏರುವುದು 4 ಡಿಗ್ರಿಯ ಆಸುಪಾಸು. ಆದ್ದರಿಂದ ಯಾವ ಭಾಗ ಮೊದಲು, ಯಾವುದು ಆಮೇಲೆ ಎಂಬ ಚರ್ಚೆಯಲ್ಲಿ ಹುರುಳಿಲ್ಲ. ತೊಟ್ಟಿಯೊಂದು ಪಂಪಿಗಿಂತ ಮೇಲಿದ್ದು, ಪಂಪಿಗೆ ನೀರು ತಪ್ಪದಿದ್ದರಾಯಿತು. ನೀರೇ ಅದಕ್ಕೆ ಎಣ್ಣೆ; ಒಣಗಿ ತಿರುಗಿದರೆ ಕೆಡುತ್ತದೆ.

ನಳದ ನೀರು ಕೂಡದು, ಸುಣ್ಣ ಕಟ್ಟುತ್ತದೆ. ಬಿಲ್ಲೆ ತಾಮ್ರದ್ದಿದ್ದು ರೇಡಿಯೇಟರ್ ಅಲ್ಯುಮಿನಿಯಮ್ಮಿನದಾದರೆ, ನಡುವೆ ನೀರು ಸೇರಿ ಅದು ಬ್ಯಾಟರಿಯಂತೆ ವರ್ತಿಸಿ ಅಲ್ಯುಮಿನಿಯಮ್ಮು ಸವೆಯುತ್ತದೆ. ಪಾತ್ರೆಯೆಲ್ಲ ತಾಮ್ರ ಹಿತ್ತಾಳೆಯದೇ, ದ್ರವವು ಕಿಲುಬು ಪಾಚಿಗಳನ್ನು ತಡೆಯುವ ಸಿದ್ಧ ದ್ರವವೇ ಎಂದು ಗೊತ್ತುಮಾಡಿದ್ದೇವೆ. ಬಣ್ಣದ ನೀರು ಮಗನ ಆಸೆ. ಬಣ್ಣ ಗರಣೆಗಟ್ಟಿ ಬಿಲ್ಲೆಯ ಸಣ್ಣ ಕಾಲುವೆಗಳನ್ನು ಮುಚ್ಚುವುದುಂಟೆಂದು ಅದನ್ನು ನಾವು ಒಪ್ಪಲಿಲ್ಲ. ಗಾಜಿನಂಥ ಗಟ್ಟಿ ಕೊಳವೆ ನೋಡಲು ಚೆಂದ; ಮೊದಲ ಸಲಕ್ಕೆ ಕಪ್ಪು ರಬ್ಬರಿನ ಮೆತ್ತನೆಯ ಕೊಳವೆಯೇ ಲೇಸು.

ಎಲ್ಲ ಸೇರಿ 45,000 ರೂಪಾಯಿಯ ಅಂದಾಜು. ತಗಡಿನ ಮಾಡಿಗೆಂದು ಕೂಡಿಟ್ಟ ಹಣವದು. ಮಾಡು ಇನ್ನೊಂದು ಮಳೆಗಾಲ ತಡೆದೀತು ಎಂದು ಮನೆಯವರೆಲ್ಲ ಕೂಡಿಯೇ ತೀರ್ಮಾನಿಸಿದೆವು. ಅವ್ವನಿಗೆ ಕಾಗದದ ಮೇಲಿನ ನಕ್ಷೆ ತೋರಿಸಿ ವಿವರಿಸಿದಾಗ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದಳು. "ಸಿದ್ಧರಾಮ ಊರಿಗೆ ಕೆರೀ ಕಟ್ಟಿಸಿದ. ನೀವು ಡಬ್ಬ್ಯಾಗ ಕೆರೀ ಕಟ್ಟಾಕ ಹೊಂಟೀರಿ. ಕಟ್ರಿ ಕಟ್ರಿ, ಒಡೀದಂಗ ನೋಡ್ಕೋರಿ" ಎಂದಳು.

ಒಡೆಯದಂತೆ ನೋಡಿಕೊಳ್ಳುವ ಬಗೆಯೂ ಉಂಟು. ಮೊದಲು ನೀರು ತುಂಬಿ, ಪಂಪಿಗೊಂದಕ್ಕೇ ಬೇರೆಯಾಗಿ ವಿದ್ಯುತ್ ಕೊಟ್ಟು, ಉಳಿದ ಯಾವ ಭಾಗಕ್ಕೂ ಕೊಡದೆ 24 ಗಂಟೆ ನಡೆಸಬೇಕು. ಪ್ರತಿ ಕೀಲಿನ ಕೆಳಗೂ ಒಣ ಕಾಗದವಿಡಬೇಕು. ಪೆಟ್ಟಿಗೆಯನ್ನು ಆಗೀಗ ಅತ್ತಿತ್ತ ವಾಲಿಸಿ ಗುಳ್ಳೆಗಳನ್ನು ತೊಟ್ಟಿಗೆ ತರಬೇಕು. ಕಾಗದ ಒದ್ದೆಯಾಗದಿದ್ದರೆ ಮಾತ್ರ ಯಂತ್ರಕ್ಕೆ ಜೀವ. ಸಿದ್ಧೇಶ್ವರನ ಗಡ್ಡದ ಜಾತ್ರೆಗೆ ಮೊದಲೇ, ಚಳಿಯ ದಿನಗಳಲ್ಲಿ, ಈ ಪರೀಕ್ಷೆ ಮುಗಿಯಬೇಕೆಂಬುದು ನಮ್ಮ ಯೋಜನೆ. ಹಗಲಿನ ಪಾಳಿ ಮಗನದು, ಮುಂಜಾವಿನ ಪಾಳಿ ಅವ್ವನದು. ಹೇಗೂ 4ಕ್ಕೆ ಏಳುವವಳು. ಕಾಗದ ಮುಟ್ಟಿ ನೋಡುವುದನ್ನು ಈಗಾಗಲೇ ಕಲಿಸಿಕೊಟ್ಟಿದ್ದೇವೆ.